ಎಂಜಲು

ಕೊಮಾಕ್ಯೊ ಊರಿನ ಚರ್ಚಿನಲ್ಲಿ
ನಾನು ಚಿತ್ರ ತೊಳೆಯುವುದು ಎಂಜಲಿನಿಂದ.
ಮೂಗು ಮುರಿಯಬೇಡಿ. ಯಾವ ಸೀಸೆಯ ದ್ರಾವಣವೂ
ಮಸಿಯನ್ನು ಇಷ್ಟು ಮೆತ್ತಗೆ ಮಾತಾಡಿಸಲಾರದು.
ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ಮುಟ್ಟಿಸಿ
ಉರುಳಿಸಬೇಕು, ಉಜ್ಜಬಾರದು.
ಕೆಲಸ ಕಲಿಸಿದ ಓರ್ಸೊಲಾ ಹೇಳುತ್ತಿದ್ದಳು:
ಕುರುಡನ ಕಣ್ಣಿಗೆ ಅವನು ಹಚ್ಚಿದ್ದೂ ಇದನ್ನೇ,
ಮಣ್ಣಲ್ಲಿ ಕಲಸಿ.

ಆರು ವಾರದಿಂದ ಅವನ ಕಾಲ ಬಳಿ ಇದ್ದೇನೆ.
ಕಡೆಯ ಊಟದ ಚಿತ್ರ. ಹದಿಮೂರು ಮಂದಿ, ಒಂದು ಮೇಜು,
ನಡುವೆ ತಟ್ಟೆಯಲ್ಲಿ ಸುರುಳಿ ಸುತ್ತಿದ ಹಾವುಮೀನು
ಈ ಊರಿನದೇ, ಈ ಉಪ್ಪುನೀರಿನದೇ;
ಬರೆದವನು ಅದನ್ನೇ ತಿಂದು ಕೈತೊಳೆದು ಬರೆದಿರಬೇಕು.
ಅವನ ನಿಲುವಂಗಿಯ ಅಂಚಿಗೆ
ಬೆರಳಗಲದ ಬಂಗಾರದ ಪಟ್ಟಿ,
ಬಿಷಪ್ಪರ ಉಡುಪಿಗಿರುವಂಥದ್ದು.

ಮಂಗಳವಾರ ಬಂಗಾರ ಹತ್ತಿಗೆ ಬಂತು.
ಕೈ ತೆಗೆದೆ. ದೀಪ ಹತ್ತಿರ ತಂದೆ.
ಕೆಳಗೆ ಬಿಳಿ. ಬಿಳಿಯಿಂದ ಇಳಿಬಿದ್ದು
ಒಂದು ಕುಚ್ಚು.
ಗಂಟು, ಗಂಟು, ಮತ್ತೆ ಗಂಟು. ಅದರೊಳಗೊಂದು ನೀಲಿ ಎಳೆ,
ಯಾರೋ ಉಸಿರು ಬಿಗಿಹಿಡಿದು ಎಳೆದದ್ದು.

ಫೆರ್ರಾರಾದಿಂದ ಗಡಿಯಾರ ರಿಪೇರಿಯ
ಬೊನಾಯೂತೊ ಪೆಸಾರೊನನ್ನು ಕರೆಸಿದೆ.
ಎಂಬತ್ತೊಂದು ವರ್ಷದಲ್ಲಿ ಅವನು ಚರ್ಚಿನ ಹೊಸ್ತಿಲು ದಾಟಿದ್ದು
ಇದು ಎರಡನೇ ಸಲವಂತೆ.
ಮೊದಲ ಸಲದ್ದು ಹೇಳಲಿಲ್ಲ, ನಾನು ಕೇಳಲಿಲ್ಲ.
ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ, ತುಟಿ ಆಡಿಸುತ್ತ ಎಣಿಸಿದ.
"ಸರಿಯಿದೆ," ಚಿಲ್ಲರೆ ಎಣಿಸಿ ಮುಗಿಸಿದವನ ಹಾಗೆ.
"ನನ್ನಜ್ಜನದೂ ಹೀಗೇ. ಅಂಗಿ ಹರಿದರೂ ಬಿಚ್ಚುತ್ತಿರಲಿಲ್ಲ.
ನೀಲಿ ಮಾತ್ರ ನಮ್ಮದರಲ್ಲಿ ಇರಲಿಲ್ಲ.
ಆ ಬಣ್ಣ ಕಾಸುವುದನ್ನು ಮರೆತು
ಸಾವಿರ ವರ್ಷವಾಗಿತ್ತು."
ಆಮೇಲೆ ಕಣ್ಣು ಮೇಜಿಗೆ ಏರಿತು.
"ಆದರೆ ಸಿನ್ಯೋರಾ, ಆ ಹಾವುಮೀನು ಇವನು ಮುಟ್ಟುವುದಿಲ್ಲ,
ಹುರುಪೆ ಇಲ್ಲದ್ದು. ಪಾಪ, ಹಸಿದೇ ಏಳುತ್ತಾನೆ
ತನ್ನದೇ ಹಬ್ಬದ ಪಂಕ್ತಿಯಿಂದ."

ದೋನ್ ಜೆರ್ವಾಜಿಯೊ ಕೆಟ್ಟವರಲ್ಲ.
ಮಂಡಿನೋವಿನಲ್ಲೇ ಏಣಿ ಹತ್ತಿ ನೋಡಿದರು, ಬಹಳ ಹೊತ್ತು.
ಇಳಿದು ಅಂದರು: "ಜನ ಬಂಗಾರಕ್ಕೆ ಒಗ್ಗಿದ್ದಾರೆ, ಮಗಳೇ."
ಬಾಗಿಲ ತನಕ ಹೋಗಿ, ತಿರುಗಿ,
"ನಾನೂ."

ರಾತ್ರಿ ಅಟ್ಟಣಿಗೆಯ ಮೇಲೇ ಕೂತಿದ್ದೆ.
ಶುಕ್ರವಾರ ಸಂಜೆ ಕೆಲಸ ಕೆಳಗಿಡುವ ಮನೆಯವನು ಇವನು.
ಪ್ರಾರ್ಥಿಸಿದವನು. ನಾವು ಅವನನ್ನೇ ಪ್ರಾರ್ಥಿಸಿದೆವು.
ಅವನ ಬೆರಳು ತೋರಿದ ದಿಕ್ಕಿಗೆ ಹೊರಟವರು
ಬೆರಳಿಗೇ ಉಂಗುರ ತೊಡಿಸಿ
ಅಲ್ಲೇ ನಿಂತೆವೋ ಏನೋ.

ತೀರ್ಪು ಕೊಡಲು ಬಾಯಿ ಬರಲಿಲ್ಲ.
ಬಾಯಲ್ಲಿ ರುಚಿಯಿತ್ತಲ್ಲ, ಕಡ್ಡಿಯಿಂದ ಮರಳಿದ ರುಚಿ:
ಮೇಣ, ಹೊಗೆ,
ಮೂರು ನೂರು ವರ್ಷ ಇಲ್ಲಿ ಬತ್ತಿ ಹಚ್ಚಿದ
ಬೆಸ್ತರ ಹೆಂಡಂದಿರ ಹೊಗೆ,
ಮರಳಿ ಬಾರದ ದೋಣಿಗಳ ಹೊಗೆ,
ಅವನ ತಾಯಿ ಎಂದೂ ಕೂಗಿರದ ಹೆಸರಿನಿಂದ
ಅವನನ್ನು ಕರೆದು ಅತ್ತವರ ಹೊಗೆ.
ನಾನು ಒರೆಸುತ್ತಿರುವುದು ಅದನ್ನೂ.
ಬಂಗಾರ ಬಳಿದವನು ಕುಚ್ಚು ಕಂಡು ಹೆದರಿದನೋ,
ಪ್ರೀತಿ ಉಕ್ಕಿ ಒಡವೆ ಇಟ್ಟನೋ, ಬಣ್ಣ ಹೇಳುವುದಿಲ್ಲ.
ಎರಡಕ್ಕೂ ಅಂಟು ಒಂದೇ,
ಮೊಲದ ಚರ್ಮ ಕುದಿಸಿದ್ದು.

ಕೊನೆಗೆ ಒಪ್ಪಂದವಾಯಿತು:
ಬಂಗಾರದ ನಡುವೆ ಹೆಬ್ಬೆರಳಗಲದ ಒಂದು ಕಿಂಡಿ.
ಹಾವುಮೀನು ಹಾಗೇ ಇದೆ.
ಅವನ ಕೈ ರೊಟ್ಟಿಯ ಮೇಲಿದೆ, ಮೀನಿನಿಂದ ಒಂದು ಗೇಣು ದೂರ.
ಇಷ್ಟು ವರ್ಷ ಯಾರೂ ಅಳೆದಿರಲಿಲ್ಲ.

ಶನಿವಾರ ನೆಲ ಒರೆಸುವ ನೆರೀನಾ ಬಂದಳು,
ನಲವತ್ತು ವರ್ಷ ಬಲೆ ಹೆಣೆದ ಕೈ.
ಕಿಂಡಿಗೆ ಮುಖ ಹಚ್ಚಿ ನೋಡಿದಳು.
"ಗಟ್ಟಿ ಗಂಟು," ಎಂದಳು, "ಅವನಮ್ಮ ಕಟ್ಟಿದ್ದಿರಬೇಕು."
ಜೇಬಿನಿಂದ ನಾಣ್ಯ ತೆಗೆದು ಡಬ್ಬಿಗೆ ಹಾಕಿ
ಒಂದು ಮೇಣದ ಬತ್ತಿ ಹಚ್ಚಿಟ್ಟಳು, ಚಿತ್ರದ ಕೆಳಗೇ.

ಬೇಡ ಅನ್ನಬೇಕಿತ್ತು, ನನ್ನ ಕೆಲಸವೇ ಅದು.
ಹೊಗೆ ಒಮ್ಮೆ ತಡವರಿಸಿ
ಕಿಂಡಿಯ ಕಡೆ ಏರಿತು.